ದೇವರ ಮಾಡದ ಹಿಂದಿನ ಚಾವಿ

ಮೊನ್ನೆ ನಮ್ಮ ಅಡಿಗೆಮನೆಯ ನಳ ಸೋರತೊಡಗಿತು. ರಿಪೇರಿಗೆ ಬಂದ ಹುಡುಗ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಅಂಗಾತ ಮಲಗಿ, ಕೈ ಹೋಗದ ಸಂದಿಯೊಳಗೆ ಒಂದು ವಿಚಿತ್ರ ಸಲಕರಣೆ ತೂರಿಸಿದ. ಬೋಲ್ಟು ತಿರುಗಿಸುವ ಹಳೆಯ ಪಾನಾವೊಂದಕ್ಕೆ ಮೊಳದುದ್ದದ ಕಬ್ಬಿಣದ ಸಳಿ ಬೆಸೆದು, ತುದಿಯನ್ನು ಬಗ್ಗಿಸಿ ಮಾಡಿಕೊಂಡದ್ದು. "ಅಂಗಡ್ಯಾಗ ಇದು ಸಿಗಂಗಿಲ್ರೀ ಅಜ್ಜೀ, ನಾನ ಮಾಡೀನಿ," ಎಂದ. ಹಿಡಿಕೆಗೆ ಒಂದು ದಾರ ಕಟ್ಟಿದ್ದ. ದಾರದ ಕುಣಿಕೆ ಅವನ ಮುಂಗೈಯಲ್ಲಿತ್ತು. "ಆ ದಾರ ಬಿಚ್ಚಪಾ," ಎಂದೆ. "ನಳ ಏನ್ ಕೈ ಕಡೀತೈತೇನ್ರಿ?" ಎಂದು ನಕ್ಕ. ಅವನು ಬಿಚ್ಚುವವರೆಗೆ ನಾನು ಅಲ್ಲಿಂದ ಅಲುಗಲಿಲ್ಲ. ಅವನ ಅಂಗಿಯಿಂದ ಬರುತ್ತಿದ್ದ ಎಣ್ಣೆಯ ವಾಸನೆಗೆ, ಎಲ್ಲಿಂದಲೋ, ಬಿಸಿ ಜೋಳದ ಹಿಟ್ಟಿನ ವಾಸನೆಯೂ ಬಂದು ಸೇರಿಕೊಂಡಿತು.

ಆ ಎರಡು ವಾಸನೆ ಕೂಡಿದರೆ ನನಗೆ ನರಗುಂದದ ನಮ್ಮ ಮನೆ. ನಮ್ಮ ಸೀಮೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ಕಾಲದ ಮಾತು. ಗುಡ್ಡದ ಕೆಳಗಿನ ಓಣಿಯಲ್ಲಿದ್ದ ಆ ಮನೆಯ ದನದ ಕೊಟ್ಟಿಗೆಯಲ್ಲಿ ಅಪ್ಪ ಹಿಟ್ಟಿನ ಗಿರಣಿ ಹಾಕಿಸಿದ್ದ. ಅದನ್ನು ನಡೆಸುವ ಎಣ್ಣೆ ಇಂಜಿನ್ನು ಕೊಟ್ಟಿಗೆಗೆ ದೊಡ್ಡದಾಯಿತು. ಒಂದು ಗೋಡೆ ಒಡೆದು ಹಿಂದೆ ಸರಿಸಿದ್ದರೆ ಮುಗಿಯುತ್ತಿತ್ತು. ಆದರೆ ಆ ಗೋಡೆಯ ಆಚೆ ನಮ್ಮ ದೇವರಮನೆ. ಗೋಡೆಯನ್ನೇ ಕೊರೆದು ಮಾಡಿದ ಮಾಡದಲ್ಲಿ ಅಜ್ಜಿಯ ಹಿತ್ತಾಳೆಯ ದೇವರುಗಳು ಕೂತಿದ್ದವು. ಅಜ್ಜಿ ಗೋಡೆ ಮುಟ್ಟಗೊಡಲಿಲ್ಲ. ಹಾಗಾಗಿ ಇಂಜಿನ್ನು ಗೋಡೆಗೆ ಬೆನ್ನು ಹಚ್ಚಿ ನಿಂತಿತು. ಅದಕ್ಕೆ ಎಣ್ಣೆ ಬಿಡುವ, ನಿಲ್ಲಿಸುವ ಚಾವಿ ಸರಿಯಾಗಿ ದೇವರ ಬೆನ್ನ ಹಿಂದೆ, ಯಾರ ಕೈಗೂ ಎಟುಕದ ಜಾಗದಲ್ಲಿ ಉಳಿಯಿತು.

ಗಿರಣಿ ನೋಡಿಕೊಳ್ಳುತ್ತಿದ್ದವನು ಅಪ್ಪನ ತಮ್ಮ, ವಾಮನಕಾಕಾ. ಕೈ ಎಟುಕದ್ದಕ್ಕೆಲ್ಲ ಅವನು ಒಂದೊಂದು ಸಲಕರಣೆ ಮಾಡುತ್ತಿದ್ದ. ಮುರಿದ ಕೊಡೆಯ ಕಡ್ಡಿಯಿಂದ ಎಣ್ಣೆ ಹನಿಸುವ ಕೊಳವಿ. ಸಂದಿಯೊಳಗೆ ಇಣುಕಲು ಕೋಲಿನ ತುದಿಗೆ ಅಂಟಿಸಿದ ಕನ್ನಡಿ. ಅದು ಅವನ ಹೆಂಡತಿ, ನಮ್ಮ ಕಾಕುವಿನ ಕುಂಕುಮದ ಪೆಟ್ಟಿಗೆಯಿಂದ ಕಿತ್ತದ್ದು. ಎಲ್ಲಕ್ಕೂ ದೊಡ್ಡದು ಆ ಚಾವಿ ತಿರುಗಿಸುವ ಉದ್ದ ಕೊಕ್ಕೆ, ಹಳೆಯ ಬಂಡಿಯ ಗಾಲಿಯ ಪಟ್ಟಿಯನ್ನು ಕಾಯಿಸಿ ಬಡಿದು ಮಾಡಿದ್ದು. ಪಕ್ಕದ ಯಾವಗಲ್ಲು ಊರಿನಿಂದ ಜೋಳ ಬೀಸಿಸಲು ಬಂದವರು ಅದನ್ನು ನೋಡಲೆಂದೇ ನಿಲ್ಲುತ್ತಿದ್ದರು. "ವಾಮನರಾಯ್ರ, ಬೆನ್ನ ತುರಿಸಾಕೂ ಒಂದು ಮಾಡಿಕೊಡ್ರಿ," ಎಂದರೆ ಕಾಕಾ, "ನಿನ್ನ ಬೆನ್ನಿಗೆ ಇದು ಎಲ್ಲಿ ಸಾಲ್ತದೋ, ಎತ್ತು ಹೂಡಿ ಕುಂಟೀನ ಹೊಡೀಬೇಕು," ಎನ್ನುತ್ತಿದ್ದ. ಒಮ್ಮೆ ಆ ಕೊಕ್ಕೆ ಜಾರಿ ಇಂಜಿನ್ನಿನ ಹಿಂದೆ ಬಿದ್ದು, ಎಣ್ಣೆ ತೀರುವವರೆಗೆ ಇಂಜಿನ್ನು ಓಡುತ್ತಲೇ ಇತ್ತು. ಮತ್ತೆ ಹಾಗಾಗಬಾರದೆಂದು ಕಾಕು ಒಂದು ಹುರಿ ಹೊಸೆದು ಕೊಟ್ಟಳು. ಅವಳ ತವರು ಗಜೇಂದ್ರಗಡ. ಮಗ್ಗದವರ ಓಣಿಯಿಂದ ತಂದ ನೂಲು, ಎಳೆಯ ಮೇಲೆ ಎಳೆ ಕೂಡಿಸಿ ಹೊಸೆದದ್ದು, ಹರಿಯುವಂಥದ್ದಲ್ಲ. ಹುರಿಯ ಒಂದು ತುದಿ ಕೊಕ್ಕೆಗೆ, ಇನ್ನೊಂದು ಕಾಕಾನ ಮುಂಗೈಗೆ. ಅದನ್ನು ನೋಡಿ ಮನೆಯವರೆಲ್ಲ ಮೆಚ್ಚಿದರು. ಮಗ್ಗಲಿನ ಒಂದು ಗೋಡೆ ಒಡೆಯುವುದನ್ನು ತಪ್ಪಿಸಲು ಎಷ್ಟು ಜಾಣತನ ಖರ್ಚು ಮಾಡಿದೆವು ಎಂದು ಈಗ ನೆನೆದರೆ ಮುಖ ತಗ್ಗುತ್ತದೆ.

ಅವತ್ತು ನಾನು ಮಧ್ಯಾಹ್ನ ಸಾಲಿಯಿಂದ ಬಂದಾಗ ಕಾಕು ಹಿತ್ತಲಲ್ಲಿ ಗೋಣಿಚೀಲದ ಮೇಲೆ ಕೂತಿದ್ದಳು. ತಿಂಗಳ ಆ ದಿನಗಳಲ್ಲಿ ಅವಳು ಮನೆಯೊಳಗೆ ಬರುವಂತಿರಲಿಲ್ಲ. ನಾನೂ ಅವಳನ್ನು ಮುಟ್ಟದೆ, ಪರಕಾರದ ನೆರಿಗೆ ಕಾಲಿಗೆ ಸುತ್ತಿಕೊಂಡು ದೂರ ಕೂತು ಹರಟುತ್ತಿದ್ದೆ. ಇಂಜಿನ್ನಿನ ಸಪ್ಪಳ ಒಮ್ಮೆಲೇ ಭಾರವಾಯಿತು. "ಏನೋ ಸಿಕ್ಕೊಂಡದ," ಎಂದು ಕಾಕು ಎದ್ದಳು. ಗಿರಣಿಯ ಬಾಗಿಲಲ್ಲಿ ನಾನು ಕಂಡದ್ದು ಇಂದಿಗೂ ಕಣ್ಣು ಮುಚ್ಚಿದರೆ ಎದುರು ಬರುತ್ತದೆ. ಊಟಕ್ಕೆಂದು ಇಂಜಿನ್ನು ನಿಲ್ಲಿಸಹೋದ ಕಾಕಾನ ಕೊಕ್ಕೆ ಜಾರಿ, ತಿರುಗುವ ಅಚ್ಚಿಗೆ ಹುರಿ ಸುತ್ತಿಕೊಂಡಿತ್ತು. ಅಚ್ಚಿಗೆ ಎಣ್ಣೆ ಮೆತ್ತಿದ್ದರಿಂದ ಹುರಿ ಜಾರುತ್ತ, ಬಿಗಿಯುತ್ತ ಅವನ ಮುಂಗೈಯನ್ನು ದೊಡ್ಡ ಗಾಲಿಯ ಹತ್ತಿರಕ್ಕೆ ಎಳೆಯುತ್ತಿತ್ತು. ಬೀಸಿಸಲು ಬಂದಿದ್ದ ಇಬ್ಬರು ರೈತರು ಅವನ ಸೊಂಟ ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದರು. ಒಬ್ಬನ ಬಳಿ ಕುಡಗೋಲಿತ್ತು. ಗಾಲಿಗೂ ಕೈಗೂ ನಡುವೆ ಅದನ್ನು ಆಡಿಸಲು ಜಾಗವಿರಲಿಲ್ಲ. ಕಾಕಾ ಅಪ್ಪನತ್ತ ನೋಡುತ್ತ, "ಚಾವಿ, ಅಣ್ಣಾ, ಚಾವಿ," ಎಂದಷ್ಟೇ ಹೇಳುತ್ತಿದ್ದ. ಚಾವಿಗೆ ಎಟುಕುವ ಒಂದೇ ಕೊಕ್ಕೆ ಅವನ ಕೈಗೇ ಕಟ್ಟಿತ್ತು.

ಅಪ್ಪನಿಗೆ ತಿಳಿಯಿತು, ಚಾವಿಗೆ ಇನ್ನು ದೇವರಮನೆಯ ಕಡೆಯಿಂದಲೇ ದಾರಿ. ಮೂಲೆಯ ಕಬ್ಬಿಣದ ಹಾರಿ ಎತ್ತಿಕೊಂಡು ಒಳಗೆ ಓಡಿದ. ನಾನೂ ಹಿಂದೆ ಓಡಿದೆ. ಮಾಡದ ಹಿಂದೆ ಗೋಡೆ ತೆಳ್ಳಗಿತ್ತು, ನಾಲ್ಕು ಪೆಟ್ಟಿನ ಕೆಲಸ. ದೇವರಮನೆಯ ಹೊಸ್ತಿಲಿಗೆ ಬಂದು ಅಪ್ಪ ನಿಂತ. ಮೈತುಂಬ ಹಿಟ್ಟು, ಊರವರನ್ನೆಲ್ಲ ಮುಟ್ಟಿದ ಮೈಲಿಗೆಯ ಬಟ್ಟೆ. ಒಳಗಿಂದ ಅಜ್ಜಿ, "ಏನ್ ಮಾಡ್ಲಿಕ್ಕತ್ತೀಯೋ, ದೇವರ ಗ್ವಾಡಿ ಅದು," ಎಂದಳು. ಅಪ್ಪ ಕೆಟ್ಟವನಲ್ಲ. ತಮ್ಮನೆಂದರೆ ಅವನಿಗೆ ಜೀವ. ಆದರೂ ನಿಂತ. ಆಚೆ ಇಂಜಿನ್ನು ಬಡಿದುಕೊಳ್ಳುತ್ತಿತ್ತು, ಅವನ ಕಾಲು ಮಾತ್ರ ಏಳಲಿಲ್ಲ.

ಕಾಕು ಬಂದಳು. ಭಾವನ ಎದುರು ಒಂದು ದಿನವೂ ಬಾಯಿ ತೆರೆದವಳಲ್ಲ. ಅವನ ಕೈಯಿಂದ ಹಾರಿ ಕಿತ್ತುಕೊಂಡು ಹೊಸ್ತಿಲು ದಾಟಿದಳು. ಅಜ್ಜಿ ಗೋಡೆಗೆ ಒತ್ತಿಕೊಂಡಳು, ತಾಗಿಬಿಟ್ಟಾಳೆಂದು. ಕಾಕು ಮಾಡದಲ್ಲಿದ್ದ ದೇವರುಗಳನ್ನು ಒಂದೇ ಬಾಚಿಗೆ ತನ್ನ ಉಡಿಯೊಳಗೆ ಹಾಕಿಕೊಳ್ಳುತ್ತ, ಮಗುವಿಗೆ ಹೇಳುವಂತೆ, "ತುಸು ಸರೀಪಾ," ಎಂದಳು. ಆಮೇಲೆ ಹೊಡೆದಳು. ಮಣ್ಣಿನ ಇಟ್ಟಿಗೆ ಕಳಚಿ ಆಚೆಯ ಬೆಳಕು ಕಂಡಿತು. ಭುಜದವರೆಗೆ ಕೈ ತೂರಿಸಿ ಚಾವಿ ತಿರುಗಿಸಿದಳು. ಇಂಜಿನ್ನು ಮನಸ್ಸಿಲ್ಲದ ಮನಸ್ಸಿನಿಂದ ನಿಧಾನವಾಗಿ ನಿಂತಿತು. ಆ ಮೌನದಲ್ಲಿ ಅವಳ ಉಡಿಯ ದೇವರುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸಪ್ಪಳ ಮಾಡಿದ್ದು ನನಗೆ ಕೇಳಿತು.

ಕಾಕಾನನ್ನು ಗದಗಿನ ದವಾಖಾನಿಗೆ ಒಯ್ದರು. ಕೈ ಉಳಿಯಿತು, ಬೆರಳುಗಳು ಮತ್ತೆ ಮಡಚಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಧಾರವಾಡದ ಕಾಲೇಜಿನಲ್ಲಿ ಓದುವಾಗ, ಗಾಳಿ ಎಳೆಯುವ ಬಾಯಿಗೆ ಒದ್ದೆ ಗೋಣಿ ತುರುಕಿದರೂ ಅಂಥ ಇಂಜಿನ್ನು ಉಸಿರುಕಟ್ಟಿ ನಿಲ್ಲುತ್ತದೆಂದು ತಿಳಿಯಿತು. ಗಿರಣಿಯ ತುಂಬ ಗೋಣಿಗಳಿದ್ದವು. ಇವತ್ತಿಗೂ ಮನಸ್ಸು ಆ ಬಾಗಿಲಿಗೆ ಹೋಗಿ ಒಂದು ಗೋಣಿಯನ್ನು ತೋಯಿಸುತ್ತಲೇ ಇರುತ್ತದೆ.

ಆದರೆ ನನ್ನನ್ನು ನಾಚಿಸುವುದು ಆ ಹೊತ್ತಲ್ಲ, ಅದರ ನಂತರದ್ದು. ಕಾಕು ಮಿಂದು ಒಳಗೆ ಬಂದ ದಿನ ದೇವರಮನೆಯ ಶುದ್ಧಿಯಾಯಿತು. ಅವತ್ತು ಹೊಸ್ತಿಲಲ್ಲಿ ನಿಂತುಬಿಟ್ಟಿದ್ದ ಅಪ್ಪನೇ ಅಭಿಷೇಕ ಮಾಡಿದ. ಕಾಕುವನ್ನು ಒದ್ದೆ ಸೀರೆಯಲ್ಲಿ ನಿಲ್ಲಿಸಿ ತಪ್ಪಾಯಿತೆಂದು ಹೇಳಿಸಿದರು. ಅವಳು ಹೇಳಿದಳು. ಪಟ್ಟಿ ಕಟ್ಟಿದ ಕೈಯನ್ನು ಧೋತರದ ಮಡಿಕೆಯಲ್ಲಿ ಮುಚ್ಚಿಕೊಂಡು ಕಾಕಾ ನೆಲ ನೋಡುತ್ತ ಕೂತಿದ್ದ. ನನ್ನನ್ನೂ ಸೇರಿಸಿ ಎಲ್ಲರಿಗೂ ತೀರ್ಥ ಕೊಟ್ಟು, ಕೊನೆಗೆ ಕಾಕುವಿಗೆ ಕೊಟ್ಟರು. ಮರುವಾರವೇ ಗೌಂಡಿ ಬಂದು ಮಾಡವನ್ನು ಮತ್ತೆ ಕಟ್ಟಿದ. ಇಂಜಿನ್ನು ಇದ್ದಲ್ಲೇ ಇತ್ತು, ಚಾವಿಯೂ. ಕಾಕಾ ಎಡಗೈಯಿಂದ ಇನ್ನೊಂದು ಕೊಕ್ಕೆ ಮಾಡಿಕೊಂಡ, ಈ ಸಲ ಹುರಿಯಿಲ್ಲದೆ.

ನಾನು ಕಾಲೇಜಿಗೆ ಹೊರಟ ದಿನ ಕಾಕುವನ್ನು ಕೇಳಿದೆ: "ಅವತ್ತು ದೇವರು ಸಿಟ್ಟಾಗಿದ್ದನೇನು?" ಅವಳು ನನ್ನ ಹೆರಳು ಹಾಕುತ್ತಿದ್ದಳು. "ಅಂವ ಯಾಕ ಸಿಟ್ಟಾಗ್ತಾನ? ಹೇಳಿದ ಕೂಡ್ಲೇ ಸರದಾ," ಎಂದಳು. ಹೆರಳಿನ ತುದಿ ಬಿಗಿದು ಕಟ್ಟಿದಳು.

ಈಗ ಕಾಕಾ ಇಲ್ಲ, ಕಾಕು ಇಲ್ಲ, ಅಪ್ಪನೂ ಇಲ್ಲ. ರಸ್ತೆ ಅಗಲ ಮಾಡುವಾಗ ಆ ಗೋಡೆ ಹೋಯಿತು. ಕೆಡವಿದವರು ಮಿಂದಿದ್ದರೋ ಇಲ್ಲವೋ ಯಾರೂ ಕೇಳಲಿಲ್ಲ. ದೇವರುಗಳು ನನ್ನ ಪಾಲಿಗೆ ಬಂದಿವೆ. ಮೊನ್ನೆ ನಳದ ಹುಡುಗ ಹೋದ ಮೇಲೆ ದೇವರ ಗೂಡು ಒರೆಸಲು ಕೂತೆ. ಹಿತ್ತಾಳೆಯ ಕೃಷ್ಣನನ್ನು ಪಕ್ಕಕ್ಕೆ ಇಡುವಾಗ ಕಾಕುವಿನ ಆ ಎರಡು ಮಾತು ತುಟಿಯವರೆಗೆ ಬಂದವು. ಆಡಲಾಗಲಿಲ್ಲ. ಅವು ಅವಳ ಮಾತುಗಳು. ನಾನು ಆ ಶುದ್ಧಿಯ ದಿನ ಅವಳಿಗಿಂತ ಮುಂಚೆ ತೀರ್ಥಕ್ಕೆ ಕೈ ಒಡ್ಡಿದವಳು.