ಒಬ್ಬರು ಬಿಚ್ಚಿದ ಕೈಗವಸು

ಮೀನು ಹಸನು ಮಾಡುವ ಆ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಮೆಣಸಿನಕಾಯಿ ಎಂದೇ ಕರೆಯುತ್ತಿದ್ದರು. ಕಿಟಕಿ ಪಕ್ಕದ ಮೇಜು ಅವಳದು. ಅವಳ ಚಾಕು ಹರಿದ ಮೇಲೆ ಮುಳ್ಳಿಗೆ ಒಂದೆಳೆ ಮಾಂಸವೂ ಅಂಟಿರುತ್ತಿರಲಿಲ್ಲ. ಈಗ ಆ ಮೇಜೇ ಕೈತಪ್ಪಿತ್ತು. ಬಲಗೈ ತುಂಬ ನರಹುಲಿ ಎದ್ದಿದೆ ಎಂದು ಮೇಸ್ತ್ರಿ ಅವಳನ್ನು ಹಿತ್ತಲ ತೊಟ್ಟಿಯಲ್ಲಿ ಟ್ರೇ ತೊಳೆಯಲು ಅಟ್ಟಿದ್ದ. ಚಾಡಿ ಹೇಳಿದ್ದು ಪಕ್ಕದ ಮೇಜಿನವಳು, ಸ್ವಂತ ವಾರಗಿತ್ತಿ.

ಮೊದಲು ಎದ್ದದ್ದು ಹೆಬ್ಬೆರಳ ಬುಡದಲ್ಲಿ, ಒಂದೇ ಒಂದು. ಶೆಡ್ಡಿನವರಿಗೆ ಕೈಯಲ್ಲಿ ಏನೇ ಎದ್ದರೂ ಮದ್ದು ಚಾಕುವೇ. ಮೀನು ಕುಯ್ಯುವ ಚಾಕುವಿನಲ್ಲೇ ಅದರ ತಲೆ ಹೆರೆದು, ಒರೆಸಿ, ಮತ್ತೆ ಕೆಲಸಕ್ಕೆ ನಿಲ್ಲುವುದು. ಅವಳೂ ಹೆರೆದಳು. ಅದು ಅಂಗೈಗೂ ಬೆರಳ ಸಂದಿಗೂ ಹಬ್ಬಿತು.

ಚರ್ಮದ ಡಾಕ್ಟರಮ್ಮ ಕೈ ತಿರುಗಿಸಿ ನೋಡಿದರು. "ಇದು ವೈರಸ್ಸು. ಹೆರೆದು ಹೆರೆದು ನೀವೇ ಸಸಿ ನೆಟ್ಟ ಹಾಗೆ ನೆಟ್ಟಿದ್ದೀರಿ."

"ಸಾಯಿಸೋಕೆ ಮಾತ್ರೆ ಕೊಡಿ."

"ಈ ವೈರಸ್ ಸಾಯಿಸೋ ಮಾತ್ರೆ ಇಲ್ಲಮ್ಮ. ಗಂಟು ತೆಗೀಬಹುದು, ಅಷ್ಟೇ. ಬೆಚ್ಚಗಿನ ನೀರಲ್ಲಿ ನೆನೆಸಿ ದಿನಾ ಆಸಿಡ್ ಮದ್ದು ಹಚ್ಚಿದ್ರೆ ನಿಧಾನಕ್ಕೆ ಕರಗುತ್ತೆ, ತಿಂಗಳುಗಟ್ಟಲೆ ಬೇಕು. ಕರೆಂಟಲ್ಲಿ ಸುಟ್ರೆ ಕಲೆ ಉಳೀಬಹುದು. ತಣ್ಣಗಿನ ನೈಟ್ರೋಜನ್ ಹಾಕಿ ಹೆಪ್ಪುಗಟ್ಟಿಸಬಹುದು, ಆದ್ರೆ ಎರಡು ಮೂರು ವಾರಕ್ಕೊಂದು ಸಲ ಬರ್ತಾ ಇರಬೇಕು. ಸುಮ್ನೆ ಬಿಟ್ರೂ ಎಷ್ಟೋ ಜನಕ್ಕೆ ತಾನಾಗೇ ಹೋಗುತ್ತೆ. ವರ್ಷ, ಎರಡು ವರ್ಷ ಹಿಡಿಯುತ್ತೆ."

"ಅಷ್ಟರಲ್ಲಿ ನನ್ನ ಮೇಜಲ್ಲಿ ಬೇರೆಯೋಳು ಬೇರೂರಿರ್ತಾಳೆ. ಹೆಪ್ಪುಗಟ್ಟಿಸಿ. ಐಸಲ್ಲೇ ಬದುಕೋಳಿಗೆ ಚಳಿ ಏನು ಹೊಸದಾ?"

ಹೊಸದೇ ಆಗಿತ್ತು. ಕೆಂಡ ಇಟ್ಟಂತೆ ಉರಿಯಿತು. ಕೈಗೆ ಬಟ್ಟೆ ಸುತ್ತುತ್ತ ಡಾಕ್ಟರಮ್ಮ ಕೇಳಿದರು, "ಕೈಗವಸು ಹಾಕಲ್ವಾ?"

"ಹಾಕ್ತೀವಲ್ಲ. ಬೆಳಗಿನ ಪಾಳಿಯೋರು ಬಿಚ್ಚಿದ್ದನ್ನ ನಾವು ಹಾಕ್ತೀವಿ."

"ಒದ್ದೆದನ್ನಾ?"

"ಒಣಗೋಕೆ ಯಾರು ಬಿಡ್ತಾರೆ?"

"ಒಬ್ಬರದನ್ನ ಒಬ್ಬರು ಹಾಕೋದು ನಿಲ್ಲೋವರೆಗೂ ನಾನು ಗಂಟು ತೆಗೀತಾ ಇರ್ತೀನಿ, ಅದು ಮತ್ತೆ ಬರ್ತಾ ಇರುತ್ತೆ."

ಕೈಯ ಉರಿಗಿಂತ ಸಿಟ್ಟಿನ ಉರಿ ಹೆಚ್ಚಾಯಿತು. ಅವಳು ನೇರ ಶೆಡ್ಡಿಗೆ ಬಂದಳು. ಬಾಗಿಲ ಬಳಿ ಟಬ್ಬಿನಲ್ಲಿ ಕೈಗವಸುಗಳು ತೊಯ್ದು ಬಿದ್ದಿದ್ದವು. ಕಂಬದ ಮರೆಯಲ್ಲಿ ವಾರಗಿತ್ತಿ ಬೆರಳಿನ ಟೇಪು ಬಿಚ್ಚಿ ಚಾಕುವಿನಿಂದ ಏನನ್ನೋ ಹೆರೆಯುತ್ತಿದ್ದಳು.

"ತೋರಿಸೇ ಕೈ."

"ಏನಿಲ್ಲ ಅಕ್ಕ, ಮೀನಿನ ಮುಳ್ಳು."

"ಮುಳ್ಳು ಯಾವಾಗಿಂದ ಗುಂಡಗೆ ಬೆಳೆಯೋಕೆ ಶುರುಮಾಡ್ತು? ನನ್ನ ಮೇಲೆ ಚಾಡಿ ಹೇಳುವಾಗಲೂ ಇತ್ತಾ ಇದು?"

ವಾರಗಿತ್ತಿ ತಲೆ ತಗ್ಗಿಸಿದಳು. "ಇತ್ತು. ಮೇಸ್ತ್ರಿ ನಿನ್ನ ಕೈ ನೋಡ್ತಿದ್ರೆ ನನ್ನ ಕೈ ನೋಡಲ್ಲ ಅಂದ್ಕೊಂಡೆ."

ಕಪಾಳಕ್ಕೆ ಬಿಡಲು ಎತ್ತಿದ ಕೈಯಲ್ಲಿ ಬಟ್ಟೆ ಸುತ್ತಿತ್ತು. ಅವಳು ಕೈ ಇಳಿಸಿ, ಟಬ್ಬನ್ನು ದರದರ ಎಳೆದುಕೊಂಡು ಹೋಗಿ ಮೇಸ್ತ್ರಿಯ ಕಾಲ ಬುಡದಲ್ಲಿ ಬೋರಲು ಹಾಕಿದಳು. ಗಬ್ಬು ನೀರು ಅವನ ಬೂಟಿನೊಳಗೆ ಇಳಿಯಿತು.

"ಏನಮ್ಮ ಇದು?"

"ನರಹುಲಿ ಬೀಜ. ಹಾಕ್ಕೊಂಡು ನೋಡಿ. ಒಬ್ಬೊಬ್ಬರಿಗೂ ಬೇರೆ ಬೇರೆ ಜೊತೆ ಕೈಗವಸು ಬರಲಿ. ಬರೋವರೆಗೂ ಮೀನು ನೀವೇ ಕುಯ್ಯಿರಿ."

ನೆಲದ ಮೇಲಿನ ಕೈಗವಸನ್ನು ಒಬ್ಬರೂ ಎತ್ತಿಕೊಳ್ಳಲಿಲ್ಲ. ಐಸು ಕರಗುತ್ತಿತ್ತು. ಸಂಜೆಗೆ ಲಾರಿ ಬರಬೇಕಿತ್ತು. ಮೇಸ್ತ್ರಿ ಗೊಣಗುತ್ತಲೇ ಅಂಗಡಿಗೆ ಆಳು ಕಳಿಸಿದ.

ಹೊಸ ಜೊತೆ ಬಂದಾಗ ಅವಳು ಸುತ್ತಿದ ಬಟ್ಟೆಯ ಮೇಲೇ ಅದನ್ನು ತೊಟ್ಟು ಕಿಟಕಿ ಪಕ್ಕದ ಮೇಜಿಗೆ ಹೋಗಿ ನಿಂತಳು. ಮೇಸ್ತ್ರಿ ನೋಡಿದ. ಬೂಟು ಬಿಚ್ಚಿ ಒಳಗಿನ ನೀರು ಸುರಿದ.

"ತುಂಬ ನೋಯ್ತಾ ಅಕ್ಕ?" ಪಕ್ಕದ ಮೇಜಿನಿಂದ ವಾರಗಿತ್ತಿ ಕೇಳಿದಳು.

"ನಿನ್ನ ಹತ್ರ ನಾನು ಮಾತಾಡಲ್ಲ." ಅವಳು ಮೀನಿನ ತಲೆ ಕಡಿದಳು. "ನಾಳೆ ಬೆಳಗ್ಗೆ ನನ್ನ ಜೊತೆ ಡಾಕ್ಟರಮ್ಮನ ಹತ್ರ ಬಾ. ದಾರೀಲೂ ಮಾತಾಡಿಸಬೇಡ."