ಬಕೆಟ್ ಟೀಚರ್ ಮತ್ತು ಬಾಯಿ ಬಿಡದ ಮಕ್ಕಳು

ಒಂದನೇ ತರಗತಿಯ ಟೀಚರಿಗೆ ನಮ್ಮ ಶಾಲೆಯಲ್ಲಿ ಬಕೆಟ್ ಟೀಚರ್ ಎಂದೇ ಹೆಸರು. ಅವರ ಕೋಣೆಯಲ್ಲಿ ಬೆಂಚುಗಳೆಲ್ಲ ಗೋಡೆಗೆ ಒತ್ತಿಕೊಂಡಿರುತ್ತಿದ್ದವು. ನಡುವೆ ನೀರಿನ ಬಕೆಟ್, ಸೊಟ್ಟಗಾದ ಲೋಟಗಳು, ಮರಳು ತುಂಬಿದ ಬಾಣಲೆ, ಬಟ್ಟೆ ಹ್ಯಾಂಗರಿಗೆ ಡಬ್ಬಿಯ ಮುಚ್ಚಳ ಕಟ್ಟಿ ಮಾಡಿದ ತಕ್ಕಡಿ. ಪಕ್ಕದ ಎರಡನೇ ತರಗತಿಗೆ ಪಾಠ ಮಾಡುವ ಕೆಲಸ ನನ್ನದು. ನಡುವಿನ ಗೋಡೆ ಸೂರಿನವರೆಗೆ ಏರದಿದ್ದುದರಿಂದ ಅಲ್ಲಿಯ ಗಲಾಟೆಯೆಲ್ಲ ನನ್ನ ಪಾಲಿಗೂ ಬರುತ್ತಿತ್ತು.

ಬಕೆಟ್ ಟೀಚರ ತಾಯಿ ಬಟ್ಟೆ ಹೊಲಿದು ಸಂಸಾರ ಸಾಕಿದವರು. ಅರ್ಧ, ಕಾಲು ಎಂಬುದನ್ನೆಲ್ಲ ಟೀಚರ್ ಕಲಿತದ್ದು ತಾಯಿಯ ಪಕ್ಕ ಕೂತು ಬಟ್ಟೆ ಮಡಿಸುತ್ತಾ. ಅದನ್ನೇ ಶಾಲೆಯ ಬೋರ್ಡಿನ ಮೇಲೆ ಕಂಡಾಗ ಗುರುತು ಸಿಗದೆ ಪೆಟ್ಟು ತಿಂದರಂತೆ. ಅದಕ್ಕೇ ಅವರ ತರಗತಿಗೆ ಒಂದು ಕಟ್ಟಳೆ: ಕೈಯಾರೆ ಮಾಡಿ ನೋಡದೆ ಯಾರೂ ಉತ್ತರ ಹೇಳಕೂಡದು. ಆತುರಪಟ್ಟು ಕೂಗಿದವರು ಬಕೆಟ್ ಮುಟ್ಟುವ ಸರದಿಯ ಕೊನೆಗೆ ಹೋಗಬೇಕು. ಮಕ್ಕಳ ಪಾಲಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

‘ಮನೇಲಿ ನೀರು ಕುಡಿಯೋಕೆ ಒಂದು ಲೋಟನಾದ್ರೂ ಉಳಿಸಿದೀಯೇನೇ ತಾಯಿ?’ ಎಂದು ಅವರ ಅತ್ತೆ ಬೆಳಗಾದರೆ ರಾಗ ತೆಗೆಯುತ್ತಿದ್ದರಂತೆ.

‘ಬೊಗಸೆ ಇದೆಯಲ್ಲ ಅತ್ತೆ’ ಎಂದು ಸೊಸೆ ಚೀಲ ಹೆಗಲಿಗೇರಿಸುತ್ತಿದ್ದರು.

ಹೆಡ್‌ಮಾಸ್ಟರಿಗೆ ಮಾತ್ರ ಆ ಬಕೆಟ್ ಕಂಡರಾಗದು. ಹಿಂದಿನ ತನಿಖೆಯಲ್ಲಿ ಸಾಹೇಬರೊಬ್ಬರು ಒದ್ದೆ ನೆಲದಲ್ಲಿ ಜಾರಿ ನೇರವಾಗಿ ಮರಳಿನ ಬಾಣಲೆಯಲ್ಲೇ ಆಸೀನರಾಗಿದ್ದರು. ಈ ಸಲ ತನಿಖೆಯ ಹಿಂದಿನ ದಿನವೇ ಹೆಡ್‌ಮಾಸ್ಟರು ಸಾಮಾನನ್ನೆಲ್ಲ ಉಗ್ರಾಣಕ್ಕೆ ಸೇರಿಸಿ ಬೀಗ ಜಡಿದರು.

‘ನೋಡಮ್ಮಾ, ನಾಳೆ ಮಕ್ಕಳು ಪಟಪಟ ಅಂತ ಉತ್ತರ ಹೇಳಬೇಕು. ಹೇಳಲಿಲ್ವೋ, ಒಂದನೇ ತರಗತಿ ಬಿಟ್ಟುಕೊಡಿ. ನಿಮ್ಮನ್ನ ಐದನೇದಕ್ಕೆ ಹಾಕ್ತೀನಿ.’

‘ಸಾಮಾನು ಕೊಡಿ ಸಾರ್, ಹೇಳ್ತಾರೆ.’

‘ಸಾಮಾನಿಲ್ದೆ ಹೇಳೋದೇ ವಿದ್ಯೆ.’

‘ಅಷ್ಟು ಗಿಳಿಗೂ ಬರುತ್ತೆ ಸಾರ್.’

ಹೊಸ ಸಾಹೇಬರು ಕೆಟ್ಟವರೇನಲ್ಲ. ನಗುತ್ತಲೇ ಬಂದು ಬೋರ್ಡಿನ ಮೇಲೆ ಎರಡು ಪಾತ್ರೆ ಬರೆದರು, ಒಂದು ಉದ್ದ, ಒಂದು ಅಗಲ. ‘ಯಾವುದ್ರಲ್ಲಿ ಜಾಸ್ತಿ ನೀರು ಹಿಡಿಯುತ್ತೆ?’

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮಕ್ಕಳಲ್ಲಿ ಯಾರೂ ತುಟಿ ಎರಡು ಮಾಡಲಿಲ್ಲ. ಒಬ್ಬಳು ಬಾಯಿ ತೆರೆಯುವಷ್ಟರಲ್ಲಿ ಪಕ್ಕದವಳು ಅವಳ ಲಂಗ ಜಗ್ಗಿದಳು. ‘ಶ್! ಸರದಿ ಹೋಗುತ್ತೆ ಕಣೇ.’

‘ನೀನೇ ಬಾ ಪುಟ್ಟಿ’ ಎಂದರು ಸಾಹೇಬರು. ಲಂಗ ಜಗ್ಗಿದವಳು ಹೋಗಿ ಬೋರ್ಡನ್ನು ಅಂಗೈಯಿಂದ ಸವರಿ, ಕೈಗಂಟಿದ ಸೀಮೆಸುಣ್ಣ ನೋಡಿಕೊಂಡು, ‘ಇದ್ರಲ್ಲಿ ನೀರು ನಿಲ್ಲಲ್ಲ. ನಿಜವಾದ್ದು ಕೊಡಿ’ ಎಂದಳು.

ಹೆಡ್‌ಮಾಸ್ಟರು ಟೀಚರತ್ತ ತಿರುಗಿದರು. ‘ಟೀಚರ್, ಉತ್ತರ ಹೇಳೋಕೆ ಹೇಳ್ರೀ!’

ಮಕ್ಕಳೆಲ್ಲ ಟೀಚರ ಮುಖ ನೋಡಿದರು. ಅವರು ‘ಹ್ಞೂಂ’ ಎಂದಿದ್ದರೆ ಸೂರು ಹಾರಿಹೋಗುವಂತೆ ಕೂಗುತ್ತಿದ್ದರು.

‘ಹೇಳಲ್ಲ ಸಾರ್. ಮಾಡಿ ನೋಡದೆ ಹೇಳಬೇಡಿ ಅಂತ ಇಷ್ಟು ದಿನ ಕಲಿಸಿದೋಳು ನಾನೇ. ದೊಡ್ಡೋರು ಬಂದಿದ್ದಾರೆ, ಇವತ್ತೊಂದಿನ ಸುಮ್ನೆ ಏನೋ ಒದರಿ ಅನ್ನಲಾ? ಬೀಗ ತೆಗೀರಿ.’

ಹೆಡ್‌ಮಾಸ್ಟರು ಕದಲಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡು, ‘ಮಕ್ಕಳು ತೀರಾ ಹಿಂದಿದ್ದಾರೆ’ ಎಂದು ಹೊರಟುಹೋದರು. ಸಂಜೆಗೆ ಒಂದನೇ ತರಗತಿ ಬೇರೆಯವರ ಪಾಲಾಯಿತು.

ನನಗೆ ತಡೆಯಲಾಗಲಿಲ್ಲ. ‘ಒಂದು ಸಲ ತಲೆ ಆಡಿಸಿದ್ರೆ ಸಾಕಿತ್ತಲ್ಲ ಅಕ್ಕಾ?’

‘ಸಾಕಿತ್ತು. ಆಮೇಲೆ ಮಕ್ಕಳು ಉತ್ತರಕ್ಕೆ ನನ್ನ ಮುಖ ನೋಡ್ತಿದ್ರು, ಪಾತ್ರೆ ನೋಡ್ತಿರಲಿಲ್ಲ.’ ಅವರು ಕಣ್ಣೊರೆಸಿಕೊಂಡು ಚೀಲ ಹೆಗಲಿಗೇರಿಸಿದರು.

ಸೋಮವಾರ ಐದನೇ ತರಗತಿಯಿಂದ ಬೆಂಚು ಎಳೆಯುವ ಕರಕರ ಸದ್ದು ಓಣಿಯವರೆಗೂ ಕೇಳಿತು. ಹೆಡ್‌ಮಾಸ್ಟರು ಓಡಿಬಂದರು.

‘ಇಲ್ಲೂ ಶುರು ಹಚ್ಕೊಂಡ್ರಾ?’

‘ಇಲ್ಲಿ ಜಾಗ ಜಾಸ್ತಿ ಇದೆ ಸಾರ್. ಆ ಕಡೆ ಸ್ವಲ್ಪ ಹಿಡೀರಿ, ಬೆಂಚು ಭಾರ.’

ಅವರು ಹಿಡಿಯಲಿಲ್ಲ. ಐದನೇ ತರಗತಿಯ ಇಬ್ಬರು ಹುಡುಗಿಯರು ಮುಂದೆ ಬಂದು ಹಿಡಿದರು.