ಕತ್ತಲಿಗೆ ಮುಂಚೆ ಮನೆ ಸೇರುತ್ತಿದ್ದ ನಟ

ಅಪ್ಪ ಮೈಸೂರಿನಿಂದ ಅಮೆರಿಕದ ಕ್ಯಾರಿ ಎಂಬ ಊರಿನ ನಮ್ಮ ಮನೆಗೆ ಬಂದದ್ದು ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ. ಬೇಸಿಗೆ ಶುರುವಾಗುವ ಹೊತ್ತಿಗೆ ವಾಪಸು ಹೋಗುವುದೆಂದು ಟಿಕೆಟ್ಟೂ ಆಗಿತ್ತು. ಮಾರ್ಚ್ ತಿಂಗಳಲ್ಲಿ ವಿಮಾನಗಳು ನಿಂತವು, ಅಪ್ಪ ಇಲ್ಲೇ ಉಳಿದರು. ಅಮ್ಮ ತೀರಿಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಅಪ್ಪ ಜೀವಮಾನವಿಡೀ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು, ಮಾತಿಲ್ಲದೆ ಇರಲಾರದವರು. ಆದರೆ ಮನೆಯಲ್ಲಿ ಮಾತಾಡುವವರು ಯಾರಿದ್ದರು? ನಾನು ಒಂದು ಕೋಣೆಯಲ್ಲಿ, ನನ್ನ ಗಂಡ ಇನ್ನೊಂದರಲ್ಲಿ ಬಾಗಿಲು ಹಾಕಿಕೊಂಡು ಆಫೀಸಿನ ಕೆಲಸ. ಮಗಳಿಗೆ ಮಹಡಿ ಮೇಲೆ ಲ್ಯಾಪ್‌ಟಾಪಿನಲ್ಲೇ ಶಾಲೆ. ಸಂಜೆ ಮಾಸ್ಕ್ ಹಾಕಿಕೊಂಡು ಬಡಾವಣೆಯಲ್ಲಿ ಒಂದು ಸುತ್ತು ನಡೆದು ಬರುವುದಷ್ಟೇ ಅಪ್ಪನಿಗಿದ್ದ ಲೋಕಸಂಚಾರ.

ಏಪ್ರಿಲ್‌ನ ಒಂದು ಸಂಜೆ ಅವರು ತಡವಾಗಿ ಬಂದರು. ಚಪ್ಪಲಿ ಬಿಡುವ ಮುಂಚೆಯೇ ಕೇಳಿದರು:

“ನಿಮ್ ಹಿಂದಿನ ಬೀದೀಲಿ ಯಾರಿದಾರೆ ಗೊತ್ತಾ ನಿಂಗೆ?”

ನನಗೆ ಗೊತ್ತಿರಲಿಲ್ಲ. ಆರು ವರ್ಷದಿಂದ ಇದ್ದರೂ ಹಿಂದಿನ ಬೀದಿಯವರಿಗೆ ಕಾರಿನ ಗಾಜಿನೊಳಗಿಂದ ಕೈಬೀಸಿದ್ದಷ್ಟೇ ಪರಿಚಯ. ರಸ್ತೆಯ ಆಚೆ ಬದಿಯಲ್ಲಿ ಟೋಪಿ ಹಾಕಿಕೊಂಡು ನಡೆಯುತ್ತಿದ್ದ ಎತ್ತರದ, ಬಡಕಲು ಮೈಯ ಕಪ್ಪು ಮುದುಕರೊಬ್ಬರು ಅಪ್ಪನಿಗೆ ಶುಭ ಸಂಜೆ ಹೇಳಿದರಂತೆ. ಮುಖದ ಮೇಲೆ ಮಾಸ್ಕ್ ಇತ್ತು. ಆದರೆ ದನಿ ಕೇಳಿ ಅಪ್ಪ ಅಲ್ಲೇ ನಿಂತುಬಿಟ್ಟರಂತೆ. ಕಾಲೇಜಿನ ಫಿಲ್ಮ್ ಸೊಸೈಟಿಯಲ್ಲಿ ಅವರು ಪ್ರತಿ ವರ್ಷ ಹುಡುಗರಿಗೆ ತೋರಿಸುತ್ತಿದ್ದ ಹಳೆಯ ಕಪ್ಪು ಬಿಳುಪಿನ ಸಿನಿಮಾ ಒಂದಿತ್ತು. ಅದರಲ್ಲಿ ಡಾಕ್ಟರ ಪಾತ್ರ ಮಾಡಿದ್ದವರ ದನಿ ಅದು. ಅಂಥ ಚಿತ್ರಗಳಲ್ಲಿ ಕಪ್ಪು ಜನ ಬಾಗಿಲು ತೆಗೆಯುವ ಆಳುಗಳಾಗಿಯೋ ಕೈಕೋಳ ತೊಟ್ಟ ಕೈದಿಗಳಾಗಿಯೋ ಬಂದು ಹೋಗುತ್ತಿದ್ದ ಕಾಲದಲ್ಲಿ ಬಿಳಿಯ ರೋಗಿಯ ನಾಡಿ ಹಿಡಿದು ನೋಡುವ ಡಾಕ್ಟರಾಗಿ ನಟಿಸಿದ ಮೊದಲಿಗರಲ್ಲಿ ಅವರೊಬ್ಬರು.

ಅಂದಿನಿಂದ ಇಬ್ಬರೂ ಜೊತೆಯಾದರು. ಅವರು ರಸ್ತೆಯ ಆ ಬದಿ, ಅಪ್ಪ ಈ ಬದಿ. ನಡುವಿನ ಖಾಲಿ ರಸ್ತೆಯ ಮೇಲೆ ಮಾತು. ಅವರು ಅಪ್ಪನನ್ನು ಪ್ರೊಫೆಸರ್ ಎನ್ನುತ್ತಿದ್ದರು, ಅಪ್ಪ ಅವರನ್ನು ಸರ್ ಎನ್ನುತ್ತಿದ್ದರು. ಅಂದಂದಿನ ಕಥೆ ರಾತ್ರಿ ಊಟಕ್ಕೆ ಕೂತಾಗ ನಮ್ಮ ಪಾಲಿಗೆ ಬರುತ್ತಿತ್ತು.

ಅವರು ಹುಟ್ಟಿದ್ದು ಇದೇ ರಾಜ್ಯದ ಪೂರ್ವದ ಕಡೆ, ಹೊಗೆಸೊಪ್ಪು ಬೆಳೆಯುವ ಒಂದು ಸಣ್ಣ ಊರಿನಲ್ಲಿ. ತಾಯಿ ಹೊಗೆಸೊಪ್ಪಿನ ಎಲೆ ಕಟ್ಟುವ ಕೆಲಸದವರು. ಊರಿನ ಚಿತ್ರಮಂದಿರಕ್ಕೆ ಕಪ್ಪು ಜನ ಪಕ್ಕದ ಓಣಿಯ ಮೆಟ್ಟಿಲು ಹತ್ತಿ ಹೋಗಿ ಬಾಲ್ಕನಿಯಲ್ಲಿ ಕೂರಬೇಕಿತ್ತು. ಅಲ್ಲಿಂದ ಸಿನಿಮಾ ನೋಡಿ ನೋಡಿಯೇ ಹದಿನೇಳನೇ ವಯಸ್ಸಿಗೆ ನ್ಯೂಯಾರ್ಕಿನ ಬಸ್ಸು ಹತ್ತಿದರು. ಹೋಟೆಲಿನಲ್ಲಿ ತಟ್ಟೆ ತೊಳೆದರು, ನಾಟಕ ಮಾಡಿದರು, ಸಿನಿಮಾದಲ್ಲಿ ರೈಲಿನ ಹಮಾಲಿಯಾಗಿ ಎರಡು ಮಾತು ಆಡಿದರು. ಕೊನೆಗೆ ಆ ಡಾಕ್ಟರ ಪಾತ್ರ ಸಿಕ್ಕಿತು.

ಸಿನಿಮಾ ಬಿಡುಗಡೆಯಾದಾಗ ತಾಯಿ ಇದ್ದುದರಲ್ಲೇ ಒಳ್ಳೆಯ ಉಡುಪು ತೊಟ್ಟು, ಚರ್ಚಿನ ಗೆಳತಿಯರನ್ನೆಲ್ಲ ಕರೆದುಕೊಂಡು ಆ ಪಕ್ಕದ ಮೆಟ್ಟಿಲು ಹತ್ತಿದರಂತೆ. ಚಿತ್ರ ಶುರುವಾಯಿತು, ಮುಗಿಯಿತು. ಮಗ ತೆರೆಯ ಮೇಲೆ ಬರಲೇ ಇಲ್ಲ. ಅವರಿದ್ದ ದೃಶ್ಯಗಳನ್ನು ಊರಿನ ಚಿತ್ರಮಂದಿರದವರು ರೀಲಿನಿಂದ ಕತ್ತರಿಸಿ ತೆಗೆದಿದ್ದರು. ಗೆಳತಿಯರು ಏನೂ ಕೇಳದೆ ಮೆಟ್ಟಿಲಿಳಿದರು. ಮಗ ಸುಳ್ಳು ಹೇಳಿದ್ದಾನೆಂದು ತಾಯಿ ಎಷ್ಟೋ ದಿನ ನಂಬಿದ್ದರಂತೆ.

ಇದನ್ನು ಹೇಳಿದ ರಾತ್ರಿ ಅಪ್ಪ ಮೊಸರನ್ನಕ್ಕೆ ಕೈ ಹಾಕಲಿಲ್ಲ.

ಆಮೇಲಿನ ಸಿನಿಮಾಗಳಲ್ಲಿ ಆ ನಟರು ಜಡ್ಜ್ ಆದರು, ಪೊಲೀಸ್ ಅಧಿಕಾರಿಯಾದರು, ಒಮ್ಮೆ ಸೆನೆಟರ್ ಕೂಡ ಆದರು. ಆದರೆ ಯಾವ ಪಾತ್ರವಾದರೂ ಕಥೆಯ ಅರ್ಧದಲ್ಲಿ ಗುಂಡು ತಗುಲಿ ಸಾಯುವುದು ಹೆಚ್ಚುಕಡಿಮೆ ಖಾಯಂ. ಹೆಂಡತಿ ತೀರಿಹೋದ ಮೇಲೆ, ಹುಟ್ಟಿದ ರಾಜ್ಯದಲ್ಲೇ ಇರಬೇಕೆನ್ನಿಸಿ ನಮ್ಮ ಬಡಾವಣೆಯಲ್ಲಿ ಮನೆ ಕೊಂಡು ಒಬ್ಬರೇ ಇದ್ದರು. ಮಗಳು ಅಟ್ಲಾಂಟಾದಲ್ಲಿದ್ದಳು.

ಅವರ ನಡಿಗೆಗೆ ಕೆಲವು ನಿಯಮಗಳಿದ್ದವು. ಮೊದಮೊದಲು ಅಪ್ಪನಿಗೆ ಅವು ಮುದುಕರ ಚಾಳಿಯಂತೆ ಕಂಡು ನಗು ಬಂದಿತ್ತು. ಎಷ್ಟೇ ಚಳಿಯಾದರೂ ಅವರು ಜೇಬಿಗೆ ಕೈ ಹಾಕುತ್ತಿರಲಿಲ್ಲ. ಯಾರ ಮನೆಯ ಮುಂದೆಯೂ ನಿಲ್ಲುತ್ತಿರಲಿಲ್ಲ. ಫುಟ್‌ಪಾತ್ ಬಿಟ್ಟು ಯಾರ ಹುಲ್ಲಿನ ಮೇಲೂ ಕಾಲಿಡುತ್ತಿರಲಿಲ್ಲ. ಕೈಯಲ್ಲಿ ಹಿಡಿದ ಕಪ್ಪು ವಸ್ತು ದೂರದಿಂದ ನೋಡುವವರಿಗೆ ಏನಾಗಿ ಕಾಣುತ್ತದೋ ಹೇಳಲಾಗದು ಎಂದು ಫೋನನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದರು. ಕತ್ತಲಾಗುವ ಮುಂಚೆ ಮನೆಯೊಳಗಿರುತ್ತಿದ್ದರು.

“ಪದೇ ಪದೇ ವಾಚ್ ನೋಡ್ಕೋತಾರೆ ಕಣೇ,” ಎಂದರು ಅಪ್ಪ. “ಮನೇಲಿ ಯಾರೂ ಕಾಯ್ತಿರಲ್ಲ ಪಾಪ. ಆದ್ರೂ ಓಡ್ತಾರೆ.”

ಜೂನ್ ಬರುವಷ್ಟರಲ್ಲಿ ಅಪ್ಪನ ನಗು ನಿಂತಿತ್ತು. ಪೊಲೀಸರ ಕೈಯಲ್ಲಿ ಕಪ್ಪು ಮನುಷ್ಯನೊಬ್ಬ ಸತ್ತದ್ದಕ್ಕೆ ಊರೂರುಗಳಲ್ಲಿ ಮೆರವಣಿಗೆಗಳು ನಡೆಯುತ್ತಿದ್ದವು. ಟಿವಿ ಹಾಕಿದರೆ ಬೆಂಕಿ, ಒಡೆದ ಗಾಜು. ನಮ್ಮ ಬಡಾವಣೆಯಲ್ಲಿ ಎಲೆಯೂ ಅಲ್ಲಾಡುತ್ತಿರಲಿಲ್ಲ. ಆದರೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಬೆಳಿಗ್ಗೆ ಫೋಟೋ ಬಂತು. ಯಾರದೋ ಬಾಗಿಲ ಕ್ಯಾಮೆರಾ ತೆಗೆದದ್ದು. ಟೋಪಿ, ಮಾಸ್ಕ್, ಎತ್ತರದ ಆಳು. ಈ ವ್ಯಕ್ತಿ ಯಾರಿಗಾದರೂ ಗೊತ್ತೇ ಎಂದು ಕೆಳಗೆ ಬರೆದಿತ್ತು. ಅವರು ನಮ್ಮ ನೆರೆಯವರೇ, ಹೆಸರಾಂತ ನಟರು, ದಿನಾ ನಮ್ಮ ತಂದೆಯ ಜೊತೆ ನಡೆಯುತ್ತಾರೆ ಎಂದು ನಾನು ಕೂಡಲೇ ಬರೆದೆ. ಕೆಲವರು ಹೆಬ್ಬೆಟ್ಟಿನ ಗುರುತು ಒತ್ತಿದರು. ಅಲ್ಲಿಗೆ ಮುಗಿಯಿತೆಂದುಕೊಂಡೆ.

ಮುಗಿಯಲಿಲ್ಲ. ಎರಡು ವಾರಕ್ಕೆ ಇನ್ನೊಂದು ಫೋಟೋ ಬಂತು, ಬೇರೆ ಮನೆಯದು. ಆಮೇಲೆ ಮತ್ತೊಂದು. ಮನೆಗಳನ್ನು ಎಣಿಸುತ್ತಾ ಹೋಗುವ ಹಾಗಿದೆ ಎಂದು ಒಬ್ಬರು, ನಮ್ಮ ಮನೆ ಕಡೆಗೇ ನೋಡಿದ ಎಂದು ಇನ್ನೊಬ್ಬರು. ನಾನು ಪ್ರತಿ ಸಲವೂ ಅದನ್ನೇ ಬರೆದೆ. ನಮ್ಮ ಬೀದಿಯ ತುದಿಯಲ್ಲಿ ಬೆಂಗಳೂರಿನ ಒಂದು ಸಂಸಾರವಿತ್ತು. ಗಂಡ ಸಾಫ್ಟ್‌ವೇರಿನಲ್ಲಿ, ನನ್ನ ಗಂಡನಿಗಿಂತ ಚಿಕ್ಕವನು. ಹಬ್ಬಕ್ಕೆ ಅವರು ನಮ್ಮ ಮನೆಗೆ, ನಾವು ಅವರ ಮನೆಗೆ. ಅವನು ಒಂದು ದಿನ ನನಗೆ ಫೋನ್ ಮಾಡಿ ಮೃದುವಾಗಿಯೇ ಹೇಳಿದ.

“ನೀವು ಹೇಳ್ತೀರ, ಸರಿ. ಆದ್ರೆ ಇದು ಅದೇ ಮನುಷ್ಯ ಅಂತ ಹೇಗೆ ಶೂರ್ ಆಗಿ ಹೇಳೋದು? ಮಾಸ್ಕ್ ಹಾಕಿದ್ರೆ ಎಲ್ರೂ ಒಂದೇ ಥರ ಕಾಣ್ತಾರೆ.”

ಆಗಸ್ಟಿನಲ್ಲಿ ಅವನು ನನ್ನ ಗಂಡನ ಹತ್ತಿರ ತಾನು ಗನ್ ಕೊಂಡಿರುವುದಾಗಿ ಹೇಳಿದ. ಮನೆಯ ಸೇಫ್ಟಿಗೆ ಅಷ್ಟೇ, ಟ್ರೈನಿಂಗ್ ಕೂಡ ಮಾಡಿದ್ದೀನಿ ಎಂದನಂತೆ. ನನ್ನ ಗಂಡ ಒಳಗೆ ಬಂದು ಅದನ್ನು ನನಗೆ ಹೇಳಿದ. ಆ ಹುಡುಗ ನಮ್ಮ ಮಗಳ ಹುಟ್ಟುಹಬ್ಬಕ್ಕೆ ಬಲೂನು ಕಟ್ಟಿದವನು.

ಫೋಟೋಗಳ ವಿಷಯವನ್ನು ಆ ನಟರಿಗೆ ಹೇಳುವುದೋ ಬೇಡವೋ ಎಂದು ಅಪ್ಪ ಬಹಳ ಯೋಚಿಸಿ ಕೊನೆಗೆ ಹೇಳಿದರು. ಅವರಿಗೆ ಮೊದಲೇ ಗೊತ್ತಿತ್ತು. ಯಾವ ಮನೆಯ ಕ್ಯಾಮೆರಾಗೆ ತಾನು ಎದೆಯಿಂದ ಮೇಲಷ್ಟೇ ಕಾಣುತ್ತೇನೆ, ಯಾವುದಕ್ಕೆ ಅಡಿಯಿಂದ ಮುಡಿಯವರೆಗೆ ಕಾಣುತ್ತೇನೆ ಎಂಬುದೂ ಗೊತ್ತಿತ್ತು. ಅರವತ್ತು ವರ್ಷ ಲೆನ್ಸಿನ ಮುಂದೆ ಬದುಕಿದ ದೇಹ, ತಾನಾಗಿಯೇ ತಿಳಿಯುತ್ತದೆ ಎಂದರಂತೆ. ಹಾಗಾದರೆ ಈ ಬೀದಿಯೇ ಬೇಡ, ಬೇರೆ ಕಡೆ ಹೋಗೋಣ ಎಂದು ಅಪ್ಪ ಹೇಳಿದರು. ಅವರು ಒಪ್ಪಲಿಲ್ಲ. ಕಾಣಿಸಿಕೊಳ್ಳುವುದನ್ನು ನಿಲ್ಲಿಸಿದರೆ ಆಮೇಲೆ ಕಂಡ ದಿನ ಇನ್ನೂ ಕೆಟ್ಟದ್ದಾಗುತ್ತದೆ ಎಂದರಂತೆ.

ನವೆಂಬರಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಐದೂವರೆಗೆಲ್ಲ ಕತ್ತಲು. ಅವರು ನಡಿಗೆಯನ್ನು ನಾಲ್ಕಕ್ಕೆ ತಂದರು. ಒಂದು ದಿನ ಅಪ್ಪನಿಂದ ತಡವಾಯಿತು. ಊರಿನಿಂದ ಯಾರದೋ ಸಾವಿನ ಸುದ್ದಿ ಬಂದು ಫೋನಿನಲ್ಲಿ ಕೂತುಬಿಟ್ಟಿದ್ದರು. ಅವರು ನಮ್ಮ ಮನೆಯೆದುರಿನ ರಸ್ತೆಯಾಚೆ ನಡೆದಾಡುತ್ತಾ ಕಾದರು. ಅಪ್ಪ ಫೋನನ್ನು ಚಾರ್ಜಿಗೆ ಹಾಕಿ ಓಡಿದರು. ಮಧ್ಯಾಹ್ನ ಮಳೆ ಬಿದ್ದು ನಿಂತಿತ್ತು, ಎಲೆಗಳೆಲ್ಲ ಒದ್ದೆ. ಹೊರಟಾಗಲೇ ಬೆಳಕು ಇಳಿಯುತ್ತಿತ್ತು.

ನಾನು ಅಡುಗೆಮನೆಯಲ್ಲಿದ್ದೆ. ಫೋನ್ ಟಣ್ ಎಂದಿತು. ತುದಿ ಮನೆಯ ಆ ಹುಡುಗನ ಹೆಂಡತಿ ಗುಂಪಿಗೆ ಬರೆದಿದ್ದಳು: ಅವನು ನಮ್ಮ ಬಾಗಿಲಿಗೇ ಬಂದಿದ್ದಾನೆ.

ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ. ಬರಿಗಾಲಲ್ಲೇ ಓಡಿದೆ. ಅಂಬುಲೆನ್ಸ್ ಎಂದು ಗಂಡನಿಗೆ ಕೂಗಿದ್ದೆನಂತೆ. ಹಾಗೇಕೆ ಕೂಗಿದೆ ಎಂದು ನನಗೆ ಇಂದಿಗೂ ತಿಳಿಯದು.

ನಾನು ತಲುಪುವುದರೊಳಗೆ ನಡೆದದ್ದನ್ನು ಆಮೇಲೆ ಅಪ್ಪನಿಂದ ಕೇಳಿದೆ. ಆ ಮನೆಯ ಮುಂದೆ ಬೇರು ಮೇಲೆದ್ದು ಫುಟ್‌ಪಾತ್ ಉಬ್ಬಿತ್ತು. ಒದ್ದೆ ಎಲೆಯ ಮೇಲೆ ಕಾಲು ಜಾರಿ ಅಪ್ಪ ಬಿದ್ದರು. ಪಾದದ ಹತ್ತಿರ ಏನೋ ಲಟಕ್ ಎಂದದ್ದು ಅವರಿಗೇ ಕೇಳಿಸಿತು. ಏಳಲಾಗಲಿಲ್ಲ. ಅಷ್ಟು ತಿಂಗಳಲ್ಲಿ ಮೊದಲ ಸಲ ಅವರು ರಸ್ತೆ ದಾಟಿ ಅಪ್ಪನ ಪಕ್ಕಕ್ಕೆ ಬಂದು ಮಂಡಿಯೂರಿ ಕೂತರು. ಇಬ್ಬರ ಹತ್ತಿರವೂ ಫೋನಿಲ್ಲ. ನಮ್ಮ ಮನೆ ದೂರದಲ್ಲಿತ್ತು, ಕತ್ತಲಲ್ಲಿ ಅಪ್ಪನೊಬ್ಬರನ್ನೇ ಬಿಟ್ಟು ಹೋಗಲು ಅವರು ಒಪ್ಪಲಿಲ್ಲ.

“ಈ ಮನೆಯವರು ನಮ್ಮೂರಿನ ಕಡೆಯವರೇ, ಬೆಲ್ ಒತ್ತಿ,” ಎಂದು ಅಪ್ಪನೇ ಹೇಳಿದರು.

ಅವರು ಆ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿದರಂತೆ. ಆಮೇಲೆ ತಮ್ಮ ಕೋಟು ಬಿಚ್ಚಿ ಅಪ್ಪನಿಗೆ ಹೊದಿಸಿದರು. ಟೋಪಿ ತೆಗೆದರು, ಮುಖ ಕಾಣಲೆಂದು ಮಾಸ್ಕನ್ನೂ ತೆಗೆದರು. ಹೋಗಿ ಬೆಲ್ ಒತ್ತಿ, ಮೆಟ್ಟಿಲಿಂದ ಹಿಂದಕ್ಕೆ ಇಳಿದು, ಎರಡೂ ಕೈಗಳನ್ನು ಭುಜದೆತ್ತರಕ್ಕೆ ಎತ್ತಿ ನಿಂತರು. ತಮ್ಮ ಹೆಸರು, ಬೀದಿ, ಇಲ್ಲೊಬ್ಬರು ಬಿದ್ದಿದ್ದಾರೆ, ಸಹಾಯ ಬೇಕು ಎಂದು ಕ್ಯಾಮೆರಾದತ್ತ ಗಟ್ಟಿಯಾಗಿ ಹೇಳಿದರು. ಒಳಗಿದ್ದವರಿಗೆ ಕೇಳಿಸಿದ್ದು ಗಂಡಸಿನ ದೊಡ್ಡ ದನಿಯಷ್ಟೇ. ಒಳಗಿನ ದೀಪ ಆರಿತು, ಬಾಗಿಲು ತೆರೆಯಿತು, ಆ ಹುಡುಗ ಎರಡೂ ಕೈಯಲ್ಲಿ ಗನ್ ಚಾಚಿ ಹಿಡಿದು ನಿಂತಿದ್ದ.

“ಆಗ ನಂಗೆ ಇಂಗ್ಲಿಷಿನ ಒಂದಕ್ಷರವೂ ಬಾಯಿಗೆ ಬರ್ಲಿಲ್ಲ ಕಣೇ,” ಎಂದರು ಅಪ್ಪ. ನೆಲದ ಮೇಲಿಂದಲೇ ಕನ್ನಡದಲ್ಲಿ ಕೂಗಿದರಂತೆ: “ಬೇಡ ಕಣಪ್ಪಾ, ನಾನು ಇಲ್ಲಿ ಬಿದ್ದಿದೀನಿ. ಅವ್ರು ನನ್ ಜೊತೆ ಇದಾರೆ.”

“ಅಂಕಲ್?” ಎಂದ ಅವನು. ಆದರೂ ಗನ್ ಕೂಡಲೇ ಇಳಿಯಲಿಲ್ಲ.

ನಾನು ಹೋಗಿ ನಿಂತಾಗ ಅದು ಇಳಿದಿತ್ತು, ಅವನ ತೊಡೆಯ ಪಕ್ಕ ನೇತಾಡುತ್ತಿತ್ತು. ಅವನು ಅಪ್ಪನತ್ತ ನೋಡುತ್ತಿದ್ದ. ಒಳಗೆ ಹೆಂಡತಿ ಅಳುತ್ತಿದ್ದಳು. ಆದರೆ ಆ ಹಿರಿಯರು ಮಾತ್ರ ತೆಳ್ಳನೆಯ ಅಂಗಿಯಲ್ಲಿ, ಎತ್ತಿದ ಕೈ ಎತ್ತಿದಂತೆಯೇ ಬಾಗಿಲಿಗೆ ಮುಖ ಮಾಡಿ ನಿಂತಿದ್ದರು. ಇಳಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಎದುರಿಗೆ ಹೋಗಿ, ಕೈ ಇಳಿಸಬಹುದು ಸರ್ ಎಂದೆ. ಎರಡನೇ ಸಲ ಹೇಳಿದ ಮೇಲೆ ನಿಧಾನಕ್ಕೆ ಇಳಿಸಿದರು.

ಅಂಬುಲೆನ್ಸಿನ ಹಿಂದೆಯೇ ಪೊಲೀಸ್ ಕಾರೂ ಬಂತು. ಅಧಿಕಾರಿ ಇಳಿದವನೇ ಮೊದಲು ಹೋದದ್ದು ಅವರ ಹತ್ತಿರಕ್ಕೆ. ಎಲ್ಲಿ ವಾಸ, ಇಲ್ಲೇನು ಕೆಲಸ ಎಂದು ಕೇಳಿದ. ಅವರು ವಿನಯದಿಂದ, ಪಾಠ ಒಪ್ಪಿಸುವ ಹಾಗೆ ಉತ್ತರ ಕೊಟ್ಟರು. ಇವರು ನಿಮ್ಮ ಜೊತೆಯವರೇ ಎಂದು ಅಧಿಕಾರಿ ನನ್ನನ್ನು ಕೇಳಿದ. ಹೌದು ಎಂದೆ. ಸ್ಟ್ರೆಚರಿನ ಮೇಲಿದ್ದ ಅಪ್ಪ ಅದೇ ಮಾತನ್ನು ಮೂರು ಸಲ ಹೇಳಿದರು.

ಅಪ್ಪನ ಕಾಲಿಗೆ ಆಪರೇಷನ್ ಆಯಿತು. ಕೋವಿಡ್ ಕಾಲವಾದ್ದರಿಂದ ಆಸ್ಪತ್ರೆಯಲ್ಲಿ ಒಬ್ಬರೇ ಇರಬೇಕಾಯಿತು. ಆ ನಟರು ದಿನವೂ ಫೋನ್ ಮಾಡುತ್ತಿದ್ದರು. ಆದರೆ ಅಂದಿನಿಂದ ನಮ್ಮ ಬೀದಿಯಲ್ಲಿ ಕಾಣಿಸಲಿಲ್ಲ. ನಡೆಯುವುದನ್ನೇ ಬಿಟ್ಟಿರಾ ಎಂದು ಅಪ್ಪ ಮನೆಗೆ ಬಂದ ಮೇಲೆ ಒಂದು ದಿನ ಕೇಳಿದಾಗ ಅವರು ಹೇಳಿದ್ದನ್ನು ಸ್ಪೀಕರಿನಲ್ಲಿ ನಾನೂ ಕೇಳಿದೆ.

“ಪ್ರೊಫೆಸರ್, ಸಿನಿಮಾದಲ್ಲಿ ನಾನು ಬಾಗಿಲಲ್ಲಿ ಎಷ್ಟೋ ಸಲ ಗುಂಡು ತಿಂದಿದ್ದೇನೆ. ಎದುರಿಗಿದ್ದ ನಟ, ನನಗೆ ಹೆದರಿಕೆಯಾಗದಿರಲಿ ಅಂತ, ಕ್ಯಾಮೆರಾ ಓಡುವ ಮುಂಚೆ ಒಮ್ಮೆ ಕಣ್ಣು ಮಿಟುಕಿಸುತ್ತಿದ್ದ. ಆ ದಿನ ಆ ಹುಡುಗನ ಮುಖದಲ್ಲಿ ನಾನು ಅದನ್ನೇ ಹುಡುಕುತ್ತಾ ನಿಂತಿದ್ದೆ.”

ಅಪ್ಪ ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಹಿಡಿದರು.

ಆ ಹುಡುಗ ಹಣ್ಣು ಹಿಡಿದುಕೊಂಡು ಅಪ್ಪನನ್ನು ನೋಡಲು ಬಂದ. ಸಾರಿ ಅಂಕಲ್, ನಂಗೆ ನಿದ್ದೇನೇ ಬರ್ತಿಲ್ಲ ಎಂದ. ಅವರಿಗೆ ಹೇಳಿದ್ಯಾ ಎಂದು ಅಪ್ಪ ಕೇಳಿದರು. ಹೇಗೆ ಹೇಳೋದು ಗೊತ್ತಾಗ್ತಿಲ್ಲ ಎಂದು ತಲೆ ತಗ್ಗಿಸಿದ. ನನಗೆ ತಿಳಿದ ಮಟ್ಟಿಗೆ ಅವನು ಹಿಂದಿನ ಬೀದಿಗೆ ಹೋಗಲೇ ಇಲ್ಲ. ಈಗಲೂ ಅದೇ ಮನೆಯಲ್ಲಿದ್ದಾನೆ. ಎದುರಾದರೆ ಮಾತಾಡುತ್ತೇವೆ, ಮಕ್ಕಳ ಶಾಲೆಯ ಬಗ್ಗೆ.

ಮುಂದಿನ ಬೇಸಿಗೆಯಲ್ಲಿ ಅಪ್ಪ ಸ್ವಲ್ಪ ಕುಂಟುತ್ತಾ ಮೈಸೂರಿಗೆ ಮರಳಿದರು. ಆ ನಟರೂ ಮನೆ ಮಾರಿ ಮಗಳ ಜೊತೆಗಿರಲು ಅಟ್ಲಾಂಟಾಗೆ ಹೋದರು.

ಎರಡು ವರ್ಷದ ಮೇಲೆ ಕೆಲಸದ ನಿಮಿತ್ತ ಅಟ್ಲಾಂಟಾಗೆ ಹೋದಾಗ ಅವರನ್ನು ನೋಡಿ ಬಂದೆ. ಎತ್ತರದ ಕಟ್ಟಡದ ಹನ್ನೊಂದನೇ ಮಹಡಿ. ಇನ್ನಷ್ಟು ಇಳಿದುಹೋಗಿದ್ದರು, ದನಿ ಮಾತ್ರ ಹಾಗೇ ಇತ್ತು. ಮನೆಯ ಹೊರಗೆ ಕಿಟಕಿಯೇ ಇಲ್ಲದ ಉದ್ದನೆಯ ಕಾರಿಡಾರ್. ಅವರು ಬೆಳಿಗ್ಗೆ ಸಂಜೆ ಅಲ್ಲೇ ಕಾರ್ಪೆಟ್ಟಿನ ಮೇಲೆ ಹಿಂದೆ ಮುಂದೆ ನಡೆಯುತ್ತಾರೆ, ಬೀದಿಗೆ ಇಳಿದು ಒಂದು ವರ್ಷವಾಯಿತು ಎಂದು ಅವರ ಮಗಳು ನನಗೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು.

ಮೈಸೂರಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಅವರ ಮುಂದೆ ಹಿಡಿದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು, ಆರೋಗ್ಯ ವಿಚಾರಿಸಿ, ಈಗಲೂ ವಾಕಿಂಗ್ ಹೋಗ್ತೀರಾ ಸರ್ ಎಂದು ಕೇಳಿದರು. ಅವರು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಮುಖದ ಮೇಲೆ ನಗು ಬಂತು.

“ದಿನಾ ಹೋಗ್ತೀನಿ, ಪ್ರೊಫೆಸರ್,” ಎಂದರು. “ಇಲ್ಲಿ ದೊಡ್ಡ ದೊಡ್ಡ ಮರಗಳಿವೆ. ಕತ್ತಲಾದರೂ ಜನ ಇರುತ್ತಾರೆ.”

ಅಪ್ಪನಿಗೆ ಬಹಳ ಸಂತೋಷವಾಯಿತು. ನಾನು ಫೋನ್ ಅಲುಗದ ಹಾಗೆ ಹಿಡಿದುಕೊಂಡು ನಿಂತಿದ್ದೆ.